ಸಾಲ್ಟೇರ್: ಬೀದಿಗೊಂದು ಮಗುವಿನ ಹೆಸರು

ಮಕ್ಕಳೇ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಸ್ಕಿಪ್ಟನ್ ಕಡೆಯ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಸಾಲ್ಟೇರ್ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಇಳಿದರೆ ಒಂದು ಕಡೆ ಜೇನುಬಣ್ಣದ ಕಲ್ಲಿನ ಭಾರೀ ಗಿರಣಿ, ಇನ್ನೊಂದು ಕಡೆ ಇಳಿಜಾರಿನಲ್ಲಿ ಸಾಲಾಗಿ ನಿಂತ ಮನೆಗಳು. ಗಿರಣಿಯ ಹಿಂದೆ ಕಾಲುವೆ, ಕಾಲುವೆಯ ಆಚೆ ಏರ್ ನದಿ. ಟೈಟಸ್ ಸಾಲ್ಟ್ ಎಂಬ ಉಣ್ಣೆ ವ್ಯಾಪಾರಿ ಕಟ್ಟಿಸಿದ ಊರು ಇದು. ಅವನ ಹೆಸರಿನ ಸಾಲ್ಟ್, ನದಿಯ ಹೆಸರಿನ ಏರ್, ಎರಡೂ ಸೇರಿ ಸಾಲ್ಟೇರ್.

ಎಲ್ಲರೂ ನೇರ ಗಿರಣಿಗೇ ಹೋಗುತ್ತಾರೆ. ನೀವು ಮೊದಲು ಬೀದಿಗಳಲ್ಲಿ ನಡೆಯಿರಿ. ಮೂಲೆಮೂಲೆಯ ಹಲಗೆಗಳನ್ನು ಗಟ್ಟಿಯಾಗಿ ಓದುತ್ತ ಹೋಗಿ: ಜಾರ್ಜ್, ಅಮೀಲಿಯಾ, ಎಡ್ವರ್ಡ್, ಹರ್ಬರ್ಟ್, ಫ್ಯಾನಿ, ಹೆಲೆನ್, ಏಡಾ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದ ಹಾಗಿರುತ್ತದೆ. ಇವರೆಲ್ಲ ಸಾಲ್ಟ್‌ನ ಮಕ್ಕಳು, ಒಟ್ಟು ಹನ್ನೊಂದು ಜನ. ಅವರಲ್ಲಿ ವಿಟ್ಲಾಮ್, ಮೇರಿ ಇಬ್ಬರೂ ಚಿಕ್ಕಂದಿನಲ್ಲೇ ತೀರಿಕೊಂಡರು. ಅವರ ಹೆಸರಿನಲ್ಲೂ ಬೀದಿಗಳಿವೆ. ಹೆಂಡತಿ ಕ್ಯಾರೊಲಿನ್ ಹೆಸರಿಗೆ ಒಂದು ಉದ್ದನೆಯ ಬೀದಿ. ಊರಿನ ನಕ್ಷೆ ಬರೆದ ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳಿಗೂ ತಲಾ ಒಂದು. ನಡುವೆ ಹಾದು ಗಿರಣಿಯ ಕಡೆಗೆ ಇಳಿಯುವ ದೊಡ್ಡ ರಸ್ತೆಗೆ ಮಾತ್ರ ವಿಕ್ಟೋರಿಯಾ ರಾಣಿಯ ಹೆಸರು.

ಈ ಹೆಸರುಗಳನ್ನು ನೆನಪಿನಲ್ಲಿಡಿ. ಇಲ್ಲಿ ಹೆಸರಿಲ್ಲದ ಬೇರೆ ಮಕ್ಕಳ ಬಗ್ಗೆಯೂ ನಾನು ಹೇಳಬೇಕಿದೆ.

ಸಾಲ್ಟ್ ಹುಟ್ಟಿದ್ದು 1803ರಲ್ಲಿ, ಲೀಡ್ಸ್ ಹತ್ತಿರದ ಮೋರ್ಲಿಯಲ್ಲಿ. ಅವನು ದೊಡ್ಡವನಾಗುವ ಹೊತ್ತಿಗೆ ಬ್ರಾಡ್‌ಫರ್ಡ್ ಉಣ್ಣೆಯ ರಾಜಧಾನಿಯಾಗಿತ್ತು. ಉಗಿಯಂತ್ರ ಬಂದಿತ್ತು, ಕಲ್ಲಿದ್ದಲು ಸುತ್ತಲೇ ಸಿಗುತ್ತಿತ್ತು. ಹಳ್ಳಿಗಳ ಜನ ಕೆಲಸ ಹುಡುಕಿ ಬಂದರು, ಐರ್ಲೆಂಡಿನಿಂದಲೂ ಬಂದರು. 1851ರ ಹೊತ್ತಿಗೆ ಊರಿನಲ್ಲಿ ಲಕ್ಷಕ್ಕೂ ಹೆಚ್ಚು ಜನ. ಅಷ್ಟು ಜನರಿಗೆ ತಕ್ಕ ಚರಂಡಿ ಇರಲಿಲ್ಲ, ಕುಡಿಯಲು ಒಳ್ಳೆಯ ನೀರಿರಲಿಲ್ಲ. ಗಿರಣಿಗಳ ಹೊಗೆಯಿಂದ ಕಲ್ಲಿನ ಗೋಡೆಗಳು ಕಪ್ಪಾಗಿದ್ದವು. ಬ್ರಾಡ್‌ಫರ್ಡ್ ಹಳ್ಳಕ್ಕೆ ಊರಿನ ಹೊಲಸೆಲ್ಲ ಸೇರುತ್ತಿತ್ತು; ಅದೇ ಹಳ್ಳದ ನೀರು ಬ್ರಾಡ್‌ಫರ್ಡ್ ಕಾಲುವೆಗೆ ಹರಿಯುತ್ತಿತ್ತು. 1849ರಲ್ಲಿ ಕಾಲರಾ ಬಂದು ನಾನೂರಕ್ಕೂ ಹೆಚ್ಚು ಜನ ಸತ್ತರು. ಸಾಲ್ಟ್ ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಆ ಊರಿನ ಮೇಯರ್ ಆಗಿದ್ದ. ಹೊಗೆ ಕಡಿಮೆ ಮಾಡುವ ಸಾಧನವನ್ನು ತನ್ನ ಗಿರಣಿಗಳಿಗೆ ಹಾಕಿಸಿ, ನೀವೂ ಹಾಕಿಸಿ ಎಂದು ಉಳಿದ ಮಾಲೀಕರಿಗೆ ಹೇಳಿ ನೋಡಿದ. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಊರನ್ನೇ ಕಟ್ಟಿಸುವಷ್ಟು ದುಡ್ಡು ಅವನ ಹತ್ತಿರ ಎಲ್ಲಿಂದ ಬಂತು? ಅಲ್ಪಾಕಾದಿಂದ. ಅಲ್ಪಾಕಾ ಎಂದರೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಸಾಕುವ, ಒಂಟೆಯ ಬಳಗಕ್ಕೆ ಸೇರಿದ ಪ್ರಾಣಿ. ಮುದ್ದು ಮುಖ, ಉದ್ದ ಕತ್ತು, ಮೈತುಂಬ ಕೂದಲು. 1836ರ ಸುಮಾರಿಗೆ ಲಿವರ್‌ಪೂಲ್ ಬಂದರಿನ ಒಂದು ಗೋದಾಮಿನಲ್ಲಿ ಅಲ್ಪಾಕಾ ಕೂದಲಿನ ಮೂಟೆಗಳು ಕೊಳ್ಳುವವರಿಲ್ಲದೆ ಬಿದ್ದಿದ್ದವು. ಸಾಲ್ಟ್ ಒಂದು ಹಿಡಿ ಮನೆಗೆ ತಂದು ತಿಕ್ಕಿ, ಎಳೆದು, ತೊಳೆದು ಪರೀಕ್ಷಿಸಿದ. ಆಮೇಲೆ ಇಡೀ ದಾಸ್ತಾನನ್ನೇ ಕೊಂಡ. ಹಾಸು ಹತ್ತಿಯದು ಅಥವಾ ರೇಷ್ಮೆಯದು, ಹೊಕ್ಕು ಅಲ್ಪಾಕಾದ್ದು: ಹೀಗೆ ನೇಯ್ದಾಗ ಹಗುರವಾದ, ಮಿರಿಮಿರಿ ಮಿಂಚುವ ಬಟ್ಟೆ ಬಂತು. ಶ್ರೀಮಂತ ಹೆಂಗಸರು ಮುಗಿಬಿದ್ದು ಕೊಂಡರು. ರಾಣಿ ವಿಕ್ಟೋರಿಯಾ ಕೂಡ ತಾನು ಸಾಕಿದ ಅಲ್ಪಾಕಾಗಳ ಕೂದಲನ್ನು ನೇಯಲು ಸಾಲ್ಟ್‌ಗೆ ಕಳಿಸಿದಳು. ಗೋದಾಮಿನ ಪ್ರಸಂಗವನ್ನು ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ 'ಹೌಸ್‌ಹೋಲ್ಡ್ ವರ್ಡ್ಸ್' ಪತ್ರಿಕೆ 1852ರಲ್ಲಿ ರಸವತ್ತಾದ ಕಥೆಯಾಗಿಯೇ ಪ್ರಕಟಿಸಿತು.

ನಲವತ್ತು ದಾಟಿದ ಸಾಲ್ಟ್ ಬೇಕಿದ್ದರೆ ಎಲ್ಲ ಬಿಟ್ಟು ಹಳ್ಳಿಯ ಬಂಗಲೆಯಲ್ಲಿ ಹಾಯಾಗಿ ಇರಬಹುದಿತ್ತು. ಅದರ ಬದಲು ಬ್ರಾಡ್‌ಫರ್ಡ್‌ನ ಐದು ಗಿರಣಿಗಳ ಕೆಲಸವನ್ನು ಒಂದೇ ಸೂರಿನಡಿ ತರಲು, ಹೊಗೆಯಿಂದ ದೂರ, ನದಿ, ಕಾಲುವೆ, ರೈಲು ಮೂರೂ ಇರುವ ಜಾಗ ಹುಡುಕಿದ. 1853ರ ಸೆಪ್ಟೆಂಬರ್ 20, ಅವನಿಗೆ ಐವತ್ತು ತುಂಬಿದ ದಿನ, ಗಿರಣಿ ಶುರುವಾಯಿತು. ಅಂದು ಮೂರು ಸಾವಿರಕ್ಕೂ ಹೆಚ್ಚು ಜನರಿಗೆ ಗಿರಣಿಯೊಳಗೇ ಊಟ. ಅವರಲ್ಲಿ ಹೆಚ್ಚಿನವರು ಅವನ ಕೆಲಸಗಾರರು. ಗಿರಣಿಯ ಉದ್ದ 545 ಅಡಿ. ನೇಯ್ಗೆಯ ಶೆಡ್ಡಿನಲ್ಲಿ 1,200 ಮಗ್ಗ. ಬೇರೆ ಕಡೆ ತಲೆಯ ಮೇಲೆ ಗಿರಗಿರ ತಿರುಗಿ ಯಂತ್ರಗಳನ್ನು ಓಡಿಸುತ್ತಿದ್ದ ಕಬ್ಬಿಣದ ದಂಡಗಳನ್ನು ಇಲ್ಲಿ ನೆಲದಡಿ ಇಟ್ಟರು. ಅವುಗಳಿಗೆ ಬಟ್ಟೆಯೋ ಜಡೆಯೋ ಸಿಕ್ಕಿಕೊಂಡು ಅಪಘಾತವಾಗುತ್ತಿದ್ದ ಕಾಲ ಅದು. ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟು ಉಣ್ಣೆ ತೊಳೆಯಲು ಬಳಸುತ್ತಿದ್ದರು.

ಗಿರಣಿಯ ನಂತರ ಊರು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಎಂಟುನೂರಕ್ಕೂ ಹೆಚ್ಚು ಮನೆಗಳು ಎದ್ದವು. ಪ್ರತಿ ಮನೆಗೂ ನೀರು, ಗ್ಯಾಸ್ ದೀಪ, ಹಿತ್ತಲಿನಲ್ಲಿ ಸ್ವಂತ ಶೌಚಾಲಯ. ಬ್ರಾಡ್‌ಫರ್ಡ್‌ನ ಕೆಲಸಗಾರರು ಇದನ್ನು ಕನಸಿನಲ್ಲೂ ಕಂಡಿರಲಿಲ್ಲ. ಚರ್ಚು, ಆಸ್ಪತ್ರೆ, ಊಟದ ಮನೆ, ಬಟ್ಟೆ ಒಗೆಯುವ ಮನೆ, ವಯಸ್ಸಾದವರಿಗೆ ಪುಟ್ಟ ಬಾಡಿಗೆರಹಿತ ಮನೆಗಳು, ಪುಸ್ತಕಾಲಯವೂ ಸಭಾಂಗಣವೂ ಇದ್ದ ಇನ್‌ಸ್ಟಿಟ್ಯೂಟ್, ನದಿಯಾಚೆ ಉದ್ಯಾನ. ಹೆಂಡದಂಗಡಿ ಮಾತ್ರ ಇರಲಿಲ್ಲ. ಸಾಲ್ಟ್ ಅದಕ್ಕೆ ಜಾಗ ಕೊಡಲೇ ಇಲ್ಲ.

ಬೀದಿಯಲ್ಲಿ ನಿಂತು ಒಂದು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಗಮನಿಸಿ. ನಡುವಿನ ಮನೆಗಳು ಚಿಕ್ಕವು. ಕೊನೆಯ ಮನೆ ಒಂದು ಅಂತಸ್ತು ಎತ್ತರ, ಕಿಟಕಿಗಳೂ ದೊಡ್ಡವು. ಅದು ಮೇಸ್ತ್ರಿಯ ಮನೆ. ಇನ್ನೂ ಮೇಲಿನ ಅಧಿಕಾರಿಗಳ ಮನೆಗೆ ಮುಂದೆ ಪುಟ್ಟ ತೋಟ. ಒಬ್ಬರ ಕೆಲಸ ಏನು ಎಂದು ಕೇಳುವ ಅಗತ್ಯವೇ ಇರಲಿಲ್ಲ, ಬಾಗಿಲು ನೋಡಿದರೆ ಗೊತ್ತಾಗುತ್ತಿತ್ತು. ಮನೆ ಗಿರಣಿಯದು, ಬಾಡಿಗೆ ಹೋಗುವುದು ಗಿರಣಿಗೆ. ಕೆಲಸ ಹೋದರೆ ಮನೆಯ ಗತಿ ಏನು ಎಂಬ ಭಯ ಪ್ರತಿ ಸಂಸಾರಕ್ಕೂ ಇದ್ದಿರಬೇಕು. ಸಾಲ್ಟ್ ಒಳ್ಳೆಯವನೋ, ಲೆಕ್ಕಾಚಾರದವನೋ ಎಂದು ದೊಡ್ಡವರು ಇಂದಿಗೂ ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ಅವನು ಎರಡೂ ಆಗಿದ್ದ. ಆರೋಗ್ಯವಾಗಿರುವ ಕೆಲಸಗಾರ ಚೆನ್ನಾಗಿ ದುಡಿಯುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಅದು ಬೇರೆ ಮಾಲೀಕರಿಗೂ ಗೊತ್ತಿತ್ತು. ಆದರೂ ಕೈಯಿಂದ ದುಡ್ಡು ಬಿಚ್ಚಿ ಇಷ್ಟು ಕಟ್ಟಿದವರು ತೀರಾ ಕಡಿಮೆ. ಆ ಕಾರಣಕ್ಕೆ ನಾನು ಅವನನ್ನು ಗೌರವಿಸುತ್ತೇನೆ.

ಈಗ ವಿಕ್ಟೋರಿಯಾ ರಸ್ತೆಗೆ ಬನ್ನಿ. ಎದುರುಬದುರಾಗಿ ಎರಡು ಅಂದವಾದ ಕಟ್ಟಡ, ಮೂಲೆಗಳಲ್ಲಿ ನಾಲ್ಕು ಕಲ್ಲಿನ ಸಿಂಹ. ಒಂದು ಕಟ್ಟಡ ಇನ್‌ಸ್ಟಿಟ್ಯೂಟ್, ಇನ್ನೊಂದು 1868ರಲ್ಲಿ ಕಟ್ಟಿದ ಶಾಲೆ. ಸಿಂಹಗಳನ್ನು ಕೆತ್ತಿದವನು ಥಾಮಸ್ ಮಿಲ್ನ್ಸ್. ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆಂದು ಮಾಡಿದವು ಇವು, ಆಮೇಲೆ ಇಲ್ಲಿಗೆ ಬಂದವು ಎಂಬುದು ಊರಿನವರ ಮಾತು. ಸಿಂಹದ ಜೊತೆ ಫೋಟೋ ತೆಗೆಸಿಕೊಳ್ಳಿ, ಆಮೇಲೆ ಶಾಲೆಯ ಮುಂದೆ ಸ್ವಲ್ಪ ನಿಲ್ಲಿ.

ಈ ಊರಿನ ಹಲವು ಮಕ್ಕಳು ದಿನಕ್ಕೆ ಅರ್ಧ ಹೊತ್ತು ಮಾತ್ರ ಶಾಲೆಗೆ ಹೋಗುತ್ತಿದ್ದರು. ಉಳಿದರ್ಧ ಗಿರಣಿಯಲ್ಲಿ. ಅವರಿಗೆ 'ಹಾಫ್ ಟೈಮರ್' ಎಂಬ ಹೆಸರು. 1844ರ ಕಾನೂನಿನ ಪ್ರಕಾರ ಎಂಟು ತುಂಬಿದ ಮಗುವನ್ನು ಗಿರಣಿಗೆ ಸೇರಿಸಿಕೊಳ್ಳಬಹುದಿತ್ತು. ಹದಿಮೂರು ಆಗುವವರೆಗೆ ದಿನಕ್ಕೆ ಆರೂವರೆ ಗಂಟೆ ದುಡಿಮೆ, ಜೊತೆಗೆ ಶಾಲೆ ಕಡ್ಡಾಯ. ಒಂದು ಮಗು ಬೆಳಗ್ಗೆ ಗಿರಣಿಗೆ ಹೋದರೆ ಮಧ್ಯಾಹ್ನ ಪಾಠಕ್ಕೆ. ಅದರ ಕೆಲಸ ಏನು ಗೊತ್ತೇ? ನೂಲುವ ಯಂತ್ರದ ಉದ್ದಕ್ಕೂ ಕದಿರುಗಳ ಸಾಲು. ಬಾಬಿನ್ ತುಂಬಿದ ಕೂಡಲೇ ಯಂತ್ರ ನಿಲ್ಲಿಸುತ್ತಾರೆ. ಮಕ್ಕಳು ಓಡಿಬಂದು ತುಂಬಿದ್ದನ್ನು ಕಿತ್ತು, ಖಾಲಿ ಬಾಬಿನ್ ಸಿಕ್ಕಿಸಿ, ಸರಿಯಬೇಕು. ಯಂತ್ರ ನಿಂತಷ್ಟು ಹೊತ್ತೂ ಮಾಲೀಕನಿಗೆ ನಷ್ಟ, ಹಾಗಾಗಿ ಪುಟ್ಟ ಬೆರಳುಗಳು ಮಿಂಚಿನ ವೇಗದಲ್ಲಿ ಆಡಬೇಕು. ಗಿರಣಿಯ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ, ತುಟಿ ನೋಡಿ ತಿಳಿಯಬೇಕು. ಅಲ್ಲಿಂದ ಬಂದ ಮಗು ಮಧ್ಯಾಹ್ನದ ಗಣಿತದ ಹೊತ್ತಿಗೆ ಬೆಂಚಿನ ಮೇಲೆ ತೂಕಡಿಸಿದರೆ ಆಶ್ಚರ್ಯವೇನು? ಆ ಪದ್ಧತಿಯನ್ನು ನಿಲ್ಲಿಸುವ ಕಾನೂನು ಬಂದಿದ್ದು 1918ರಲ್ಲಿ.

ಸಾಲ್ಟೇರ್‌ನ ಶಾಲೆ ಆ ಕಾಲಕ್ಕೆ ಅತ್ಯುತ್ತಮವಾದದ್ದು ಎಂಬುದೂ ನಿಜ, ಅದರಲ್ಲಿ ಕೂತ ಮಗು ಗಿರಣಿಯಲ್ಲಿ ದಣಿದಿತ್ತು ಎಂಬುದೂ ನಿಜ. ಸಾಲ್ಟ್‌ನ ಹನ್ನೊಂದು ಮಕ್ಕಳ ಹೆಸರು ಬೀದಿಯ ಹಲಗೆಗಳಲ್ಲಿದೆ. ಬಾಬಿನ್ ಬದಲಿಸಿದ ಮಕ್ಕಳ ಹೆಸರನ್ನು ಬೇರೆ ಕಡೆ ಹುಡುಕಬೇಕು. ಅದು ಸಾಧ್ಯವೂ ಇದೆ. ಈ ದೇಶದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತದೆ, ಹಳೆಯ ಪಟ್ಟಿಗಳು ಈಗ ಎಲ್ಲರಿಗೂ ಮುಕ್ತ. 1861ರದ್ದೋ 1871ರದ್ದೋ ತೆಗೆದು ಫ್ಯಾನಿ ಬೀದಿಯ ಹಾಳೆ ಹುಡುಕಿ. ಮನೆಮನೆಯ ಅಪ್ಪ, ಅಮ್ಮ, ಮಕ್ಕಳ ಹೆಸರು, ವಯಸ್ಸು, ಹುಟ್ಟಿದ ಊರು, ಮಾಡುತ್ತಿದ್ದ ಕೆಲಸ, ಎಲ್ಲ ಕೈಬರಹದಲ್ಲಿದೆ. ನಿಮ್ಮ ಲೈಬ್ರರಿಯಲ್ಲಿ ಕೇಳಿದರೆ ತೋರಿಸಿಕೊಡುತ್ತಾರೆ. ನಿಮ್ಮದೇ ವಯಸ್ಸಿನ ಒಂದು ಮಗುವನ್ನು ಆರಿಸಿ, ಅದರ ಮನೆಯ ಮುಂದೆ ಹೋಗಿ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ.

ಇಲ್ಲಿಂದ ಕಾಲುವೆ ದಂಡೆಗೆ ಇಳಿಯೋಣ. ಇದು ಲೀಡ್ಸ್–ಲಿವರ್‌ಪೂಲ್ ಕಾಲುವೆ, 127 ಮೈಲಿ ಉದ್ದ. 1770ರಲ್ಲಿ ಅಗೆಯಲು ಶುರುಮಾಡಿ 1816ರಲ್ಲಿ ಮುಗಿಸಿದರು. ದಂಡೆಯ ಮೇಲೆ ಕುದುರೆ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿತ್ತು. ನೀವು ನಡೆಯುವುದು ಅದೇ ಕುದುರೆಯ ದಾರಿಯಲ್ಲಿ. ಇದೇ ನೀರು ಪಶ್ಚಿಮಕ್ಕೆ ಬರ್ನ್‌ಲಿ, ಬ್ಲ್ಯಾಕ್‌ಬರ್ನ್ ಎಂಬ ಹತ್ತಿ ಗಿರಣಿಗಳ ಊರುಗಳನ್ನು ದಾಟಿ ಲಿವರ್‌ಪೂಲ್ ಸೇರುತ್ತದೆ. ಆ ಗಿರಣಿಗಳಿಗೆ ಹತ್ತಿ ಬರುತ್ತಿದ್ದುದು ಬಹುಪಾಲು ಅಮೆರಿಕದ ದಕ್ಷಿಣ ಭಾಗದಿಂದ, ಆಫ್ರಿಕಾ ಮೂಲದ ಗುಲಾಮರ ಬೆವರಿನಿಂದ. 1861ರಲ್ಲಿ ಅಲ್ಲಿ ಯುದ್ಧ ಶುರುವಾಗಿ ಹತ್ತಿ ನಿಂತಾಗ ಈ ಲ್ಯಾಂಕಾಷೈರ್ ಗಿರಣಿಗಳ ಮಾಲೀಕರ ಕಣ್ಣು ನಮ್ಮ ಧಾರವಾಡದ ಎರೆಹೊಲಗಳ ಮೇಲೆ ಬಿತ್ತು. ಹುಬ್ಬಳ್ಳಿ, ಗದಗಿನ ಕಡೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು. ಆ ಬಂದರಿನ ಹೆಸರೇ ಇಲ್ಲಿನ ಪೇಟೆಯಲ್ಲಿ ಒಂದು ಬಗೆಯ ಹತ್ತಿಯ ಹೆಸರಾಯಿತು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಾರವಾರದಲ್ಲಿ ದೊಡ್ಡ ಬಂದರು ಕಟ್ಟಿಸಲೂ ಓಡಾಡಿದರು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಆಸೆಯೂ ಇತ್ತು. ನಿಮ್ಮಲ್ಲಿ ಯಾರ ಅಜ್ಜನ ಊರಾದರೂ ಆ ಕಡೆಯದಾಗಿದ್ದರೆ ಈ ಕಾಲುವೆ ನಿಮಗೆ ಪೂರ್ತಿ ಪರದೇಶದ್ದಲ್ಲ.

ದಂಡೆ ಹಿಡಿದು ಬಿಂಗ್ಲಿ ಕಡೆಗೆ ಸುಮಾರು ಮೂರು ಮೈಲಿ. ದಾರಿಯಲ್ಲಿ ಏಳು ಕಮಾನುಗಳ ಸೇತುವೆಯ ಮೇಲೆ ಕಾಲುವೆಯೇ ನದಿಯನ್ನು ದಾಟುತ್ತದೆ: ಕೆಳಗೂ ನೀರು, ಮೇಲೂ ನೀರು. ಕೊನೆಗೆ ಬಿಂಗ್ಲಿಯ ಐದು ಲಾಕ್‌ಗಳು, 1774ರಲ್ಲಿ ತೆರೆದದ್ದು. ದೋಣಿ ಒಂದು ಕಲ್ಲಿನ ತೊಟ್ಟಿಯೊಳಗೆ ಬರುತ್ತದೆ, ಹಿಂದಿನ ಗೇಟು ಮುಚ್ಚುತ್ತಾರೆ, ಮೇಲಿನಿಂದ ನೀರು ಬಿಡುತ್ತಾರೆ, ನೀರಿನೊಂದಿಗೆ ದೋಣಿಯೂ ಏರುತ್ತದೆ. ಒಂದು ತೊಟ್ಟಿಯ ಮೇಲಿನ ಗೇಟೇ ಮುಂದಿನ ತೊಟ್ಟಿಯ ಕೆಳಗಿನ ಗೇಟು. ಹೀಗೆ ಐದು ಮೆಟ್ಟಿಲು ಹತ್ತಿ ಸುಮಾರು 59 ಅಡಿ ಮೇಲೇರುತ್ತದೆ. ಎಂಜಿನ್ ಇಲ್ಲ, ಕರೆಂಟಿಲ್ಲ. ನೀರಿನ ತೂಕ ಮತ್ತು ಮನುಷ್ಯರ ತೋಳು, ಅಷ್ಟೇ. ದೋಣಿಯೊಂದು ಬಂದರೆ ಪೂರ್ತಿ ಏರುವವರೆಗೂ ಕಾದು ನೋಡಿ.

ಗಿರಣಿಯ ಕಥೆ ಬಾಕಿ ಇದೆ. ಸಾಲ್ಟ್ 1876ರಲ್ಲಿ ತೀರಿಕೊಂಡ. ಅವನ ಶವಯಾತ್ರೆ ನೋಡಲು ಬೀದಿಗಳಲ್ಲಿ ಲಕ್ಷ ಜನ ನಿಂತಿದ್ದರಂತೆ. ಕಂಪನಿ 1892ರ ಹೊತ್ತಿಗೆ ಮುಳುಗಿ ಬೇರೆಯವರ ಕೈಸೇರಿತು, ಆದರೂ ಯಂತ್ರಗಳು ತಿರುಗುತ್ತಲೇ ಇದ್ದವು. ಎರಡನೇ ಮಹಾಯುದ್ಧದ ನಂತರ ಬ್ರಾಡ್‌ಫರ್ಡ್ ಸುತ್ತಲಿನ ಗಿರಣಿಗಳಿಗೆ ಕೈಗಳು ಸಾಲದಾದಾಗ ಪಂಜಾಬ್, ಮೀರ್‌ಪುರ್, ಗುಜರಾತ್, ಬಂಗಾಳದಿಂದ ಜನ ಬಂದರು. ಸ್ಥಳೀಯರು ಒಲ್ಲದ ರಾತ್ರಿ ಪಾಳಿಯಲ್ಲಿ ದುಡಿದವರು ಬಹಳಷ್ಟು ಮಟ್ಟಿಗೆ ಅವರೇ. ಇಂದು ನಾವು ಬ್ರಾಡ್‌ಫರ್ಡ್‌ನಲ್ಲಿ ಸುಲಭವಾಗಿ ಕೊತ್ತಂಬರಿ, ಹಸಿಮೆಣಸು, ತೊಗರಿಬೇಳೆ ಕೊಳ್ಳುವುದು ಅವರು ಕಟ್ಟಿದ ಅಂಗಡಿಗಳಿಂದ. 1986ರಲ್ಲಿ ಸಾಲ್ಟ್ಸ್ ಗಿರಣಿ ನಿಂತಿತು. ಮರುವರ್ಷ ಜೊನಾಥನ್ ಸಿಲ್ವರ್ ಎಂಬ ಬ್ರಾಡ್‌ಫರ್ಡ್ ಮನುಷ್ಯ ಅದನ್ನು ಕೊಂಡು, ಅದೇ ಊರಿನಲ್ಲಿ ಹುಟ್ಟಿದ ಚಿತ್ರಕಾರ ಡೇವಿಡ್ ಹಾಕ್ನಿಯ ಚಿತ್ರಗಳನ್ನು ತೂಗುಹಾಕಿದ. ಯಂತ್ರಗಳಿದ್ದ ಕಡೆ ಈಗ ಪುಸ್ತಕದಂಗಡಿಯಿದೆ, ಹೂವಿನ ವಾಸನೆಯಿದೆ. ಒಳಗೆ ಹೋಗಲು ಟಿಕೆಟ್ಟಿಲ್ಲ. 2001ರಲ್ಲಿ ಯುನೆಸ್ಕೊ ಇಡೀ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೋಗುವವರಿಗೆ ಕೆಲವು ಮಾತು. ಬೀದಿಗಳ ಮನೆಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ. ಲಾಕ್‌ಗಳ ಅಂಚು ಮಳೆಯಲ್ಲಿ ಜಾರುತ್ತದೆ, ತಮ್ಮ ತಂಗಿಯರ ಕೈ ಬಿಡಬೇಡಿ. ಬುತ್ತಿ ಕಟ್ಟಿಕೊಂಡು ಹೋದರೆ ಬೆಳಗ್ಗೆ ಸಾಲ್ಟೇರ್, ಮಧ್ಯಾಹ್ನ ಕಾಲುವೆ ದಂಡೆಯ ನಡಿಗೆ, ಸಂಜೆಗೆ ಬಿಂಗ್ಲಿ ನಿಲ್ದಾಣ. ಅಲ್ಲಿಂದ ಲೀಡ್ಸ್‌ಗೂ ಬ್ರಾಡ್‌ಫರ್ಡ್‌ಗೂ ರೈಲಿದೆ. ಜನಗಣತಿಯಲ್ಲಿ ನೀವು ಹುಡುಕಿದ ಮಗುವಿನ ಹೆಸರು, ವಯಸ್ಸು, ಕೆಲಸವನ್ನು ಕನ್ನಡದಲ್ಲಿ ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವಕ್ಕೊಂದು ಪುಟ ತೆಗೆದಿಡುತ್ತೇವೆ.