ಕಾಳಿ ನದಿಯನ್ನು ದಾಟಿ ಬಂದ ಪಾದ್ರಿ

ಅಂಕೋಲೆಯಲ್ಲಿ ನನ್ನ ವಿದ್ಯಾರ್ಥಿದೆಸೆಯ ಗೆಳೆಯನೊಬ್ಬನ ಮನೆಯಲ್ಲಿ ದೀಪ ಹಚ್ಚಿದ ಕೂಡಲೇ ತೇರ್ಸ ನಡೆಯುತ್ತಿತ್ತು. ಜಪಸರದ ಮಣಿಗಳನ್ನು ಎಣಿಸುತ್ತ ಮನೆಮಂದಿಯೆಲ್ಲ ಕೂಡಿ ಹೇಳುವ ಆ ಕೊಂಕಣಿ ಪ್ರಾರ್ಥನೆ ನನಗೆ ಅರ್ಧವಷ್ಟೇ ತಿಳಿಯುತ್ತಿತ್ತು. ಒಂದು ಸಂಜೆ, ಅವನ ಅಣ್ಣ ಹೋಗಿದ್ದ ದೋಣಿ ಬೇಲೆಕೇರಿಗೆ ಮರಳಿರಲಿಲ್ಲ. ಗಾಳಿಯೆದ್ದು ಕಡಲು ಕೆಟ್ಟಿತ್ತು. ತಾಯಿಯವರು ಅಂದೂ ಹೊತ್ತಿಗೆ ಸರಿಯಾಗಿ ಮೊಣಕಾಲೂರಿದರು. ಅವರ ದನಿ ಹಿಂದಿನ ಸಂಜೆಗಿಂತ ಏರಲೂ ಇಲ್ಲ, ಇಳಿಯಲೂ ಇಲ್ಲ. ಕೈ ಮಾತ್ರ ನಡುಗುತ್ತಿತ್ತು. ದೋಣಿ ಮರುದಿನ ಬಂದಿತು. ಆ ಕೈಯನ್ನು ನಾನು ಇಂದಿಗೂ ಮರೆತಿಲ್ಲ. ಅವರ ಎದುರಿನ ಗೋಡೆಯ ಮೇಲೆ ಜಪಸರ ಧರಿಸಿದ ಪಾದ್ರಿಯೊಬ್ಬರ ಪಟವಿತ್ತು. ಅವರು ಜೋಸೆಫ್ ವಾಜ್ ಎಂಬುದನ್ನು ನಾನು ಅರಿತದ್ದು ಬಹುಕಾಲದ ಮೇಲೆ.

ಜೋಸೆಫ್ ವಾಜರು ಗೋವೆಯ ಬಾಣಾವಳಿಯಲ್ಲಿ ೧೬೫೧ನೆಯ ಏಪ್ರಿಲ್ ೨೧ರಂದು, ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಜನಿಸಿದರು. ೧೬೭೬ರಲ್ಲಿ ಗುರುದೀಕ್ಷೆ ಪಡೆದ ಮೇಲೆ ಬಡವರಂತೆ ಬರಿಗಾಲಿನಲ್ಲೇ ನಡೆಯತೊಡಗಿದರು. ಮರುವರ್ಷದ ಆಗಸ್ಟ್ ೫ರಂದು ತಾವು ಕನ್ಯಾ ಮರಿಯಮ್ಮನ ದಾಸನೆಂದು ಪತ್ರವೊಂದನ್ನು ಬರೆದು ತಮ್ಮನ್ನು ಒಪ್ಪಿಸಿಕೊಂಡರು. ಕಷ್ಟಗಳೆಲ್ಲ ಇನ್ನೂ ಮುಂದಿದ್ದಾಗ ಬರೆದ ಪತ್ರವಿದು ಎಂಬುದನ್ನು ವಾಚಕರು ಗಮನಿಸಬೇಕು.

ಅವರ ಮನಸ್ಸು ನೆಟ್ಟಿದ್ದುದು ಸಿಂಹಳದ ಮೇಲೆ. ೧೬೫೮ರ ಹೊತ್ತಿಗೆ ಡಚ್ಚರು ಆ ದ್ವೀಪದ ಕರಾವಳಿಯಿಂದ ಪೋರ್ಚುಗೀಸರನ್ನು ಹೊರಗಟ್ಟಿದ್ದರು; ಅಲ್ಲಿನ ಕ್ಯಾಥೊಲಿಕರು ಗುರುಗಳಿಲ್ಲದೆ ಉಳಿದಿದ್ದರು. ಅಲ್ಲಿಗೆ ತಮ್ಮನ್ನು ಕಳುಹಿಸಬೇಕೆಂದು ವಾಜರು ಬೇಡಿಕೊಂಡರು. ಗೋವೆಯ ಧರ್ಮಾಧಿಕಾರಿಗಳು ೧೬೮೧ರಲ್ಲಿ ಅವರನ್ನು ಕಳುಹಿಸಿದ್ದು ಕನ್ನಡ ಜಿಲ್ಲೆಗೆ.

ಗೋವೆಯಿಂದ ನೆಲದ ದಾರಿಯಲ್ಲಿ ತೆಂಕಣಕ್ಕೆ ಬರುವವನಿಗೆ ಮೊದಲು ಎದುರಾಗುವ ದೊಡ್ಡ ಹೊಳೆ ಕಾರವಾರದ ಕಾಳಿ. ಆಮೇಲೆ ಅಂಕೋಲೆಯಾಚೆ ಗಂಗಾವಳಿ, ಅಘನಾಶಿನಿ, ಹೊನ್ನಾವರದ ಶರಾವತಿ. ಇಂದು ಸೇತುವೆಗಳ ಮೇಲೆ ಓಡಾಡುವ ನಮಗೆ ಈ ಹೆಸರುಗಳು ಕ್ಷಣಮಾತ್ರದ ನೋಟ. ಅಂದು ಒಂದೊಂದು ಹೊಳೆಯೂ ಒಂದು ಕಾಯುವಿಕೆ. ದಕ್ಷಿಣದಲ್ಲಿ ಕೆಳದಿಯ ಚೆನ್ನಮ್ಮಾಜಿಯ ಆಳಿಕೆ. ಉತ್ತರದಲ್ಲಿ ಸಂಭಾಜಿಗೂ ಪೋರ್ಚುಗೀಸರಿಗೂ ಹಗೆ ಬೆಳೆದು, ೧೬೮೩ರಲ್ಲಿ ಯುದ್ಧ ಗೋವೆಯ ಬಾಗಿಲಿಗೇ ಬಂದಿತು.

ಆದರೆ ವಾಜರ ಕಳವಳಕ್ಕೆ ಕಾರಣ ಹೊಳೆಯೂ ಅಲ್ಲ, ಯುದ್ಧವೂ ಅಲ್ಲ. ಈ ಕರಾವಳಿಯ ಕ್ರೈಸ್ತರ ಮೇಲೆ ಯಾರ ಅಧಿಕಾರ ನಡೆಯಬೇಕೆಂಬ ವ್ಯಾಜ್ಯ ಆಗ ಉರಿಯುತ್ತಿತ್ತು. ಪೋರ್ಚುಗಲ್ ದೊರೆಯ ಹಕ್ಕಿನ ಬಲದಿಂದ ಗೋವೆಯ ಆರ್ಚ್‌ಬಿಷಪರ ಪೀಠ ಅದು ತನ್ನದೆನ್ನುತ್ತಿತ್ತು. ರೋಮಿನ ಪೋಪರು ನೇರವಾಗಿ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅದು ತಮ್ಮದೆನ್ನುತ್ತಿದ್ದರು. ಅವರೂ ಗೋವೆಯ ಮಣ್ಣಿನವರೇ! ಇದನ್ನು ಬರಿಯ ಪದವಿಯ ಜಗಳವೆಂದು ನಾವು ನಗಬಹುದು. ನಂಬಿದವರಿಗೆ ಅದು ನಗುವಂಥದಾಗಿರಲಿಲ್ಲ. ಅಧಿಕಾರವಿಲ್ಲದ ಪಾದ್ರಿ ಕೇಳಿದ ಪಾಪನಿವೇದನೆ ಸಲ್ಲುವುದೇ? ಆತ ನಡೆಸಿದ ಮದುವೆ ಮದುವೆಯೇ? ಹಳ್ಳಿಯ ಒಕ್ಕಲಿಗನ ಈ ಪ್ರಶ್ನೆ ಪಾದ್ರಿಯ ಎದೆಯಲ್ಲಿ ಇಮ್ಮಡಿಯಾಗಿ ಕುದಿಯುವಂಥದು, ಏಕೆಂದರೆ ತಪ್ಪಿದರೆ ತಪ್ಪಿಸಿದವನು ಅವನೇ. ಗೋವೆಗೆ ವಿಧೇಯರಾದರೆ ಪೋಪರಿಗೆ ಅವಿಧೇಯರಾದಾರು. ಪೋಪರ ಬಿಷಪರಿಗೆ ಬಾಗಿದರೆ ತಮ್ಮನ್ನು ಕಳುಹಿಸಿದವರಿಗೆ ದ್ರೋಹ.

ವಾಜರು ಬಿಷಪರನ್ನು ಕಂಡು ಮಾತಾಡಿದರು, ಸಂಧಿಗೆ ಯತ್ನಿಸಿದರು. ವ್ಯಾಜ್ಯ ಅವರ ಕಾಲದಲ್ಲಿ ಮುಗಿಯಲಿಲ್ಲ. ದೀರ್ಘ ಪ್ರಾರ್ಥನೆಯಲ್ಲಿ ಇರುಳು ಕಳೆಯುವುದು ಅವರ ರೂಢಿಯೆಂದು ಚರಿತ್ರಕಾರರೆಲ್ಲ ಹೇಳುತ್ತಾರೆ. ಆ ಇರುಳುಗಳಲ್ಲಿ ಅವರಿಗೆ ಉತ್ತರ ದೊರೆಯಿತೆಂದು ನಂಬುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಉತ್ತರ ದೊರೆತಿದ್ದರೆ ಅವರು ಒಂದು ಪಕ್ಷವನ್ನು ಹಿಡಿದು ಇನ್ನೊಂದನ್ನು ಹಳಿಯುತ್ತಿದ್ದರು. ಅವರು ಮಾಡಿದ್ದು ಬೇರೆ: ಬೆಳಗಾದರೆ ಎದ್ದು ರೋಗಿಗಳ ಬಳಿಗೆ, ಬಡವರ ಬಳಿಗೆ, ಪಾಳುಬಿದ್ದ ಇಗರ್ಜಿಗಳ ಬಳಿಗೆ ನಡೆದರು. ಶಂಕೆಯನ್ನು ದೇವರ ಮುಂದೆ ಇಳಿಸಿ ಬಂದರೋ, ಹೊತ್ತುಕೊಂಡೇ ನಡೆದರೋ, ನಾನರಿಯೆ. ಅಂಕೋಲೆಯ ಆ ತಾಯಿಯ ಕೈಯನ್ನು ನೆನೆದಾಗ, ಎರಡೂ ಒಟ್ಟಿಗೆ ಸಾಧ್ಯವೆಂದು ತೋರುತ್ತದೆ.

೧೬೮೪ರಲ್ಲಿ ಅವರು ಗೋವೆಗೆ ಮರಳಿದರು. ಮರುವರ್ಷ ಸಂತ ಫಿಲಿಪ್ ನೇರಿಯ ಪಂಥದ ಮಾದರಿಯ ಗುರುಗಳ ಕೂಟವನ್ನು ಸೇರಿ ಅದರ ಹಿರಿಯರಾದರು. ೧೬೮೬ರಲ್ಲಿ ಆ ಹಿರಿತನವನ್ನು ಬಿಟ್ಟು ಸಿಂಹಳದ ದಾರಿ ಹಿಡಿದರು. ೧೬೮೭ರಲ್ಲಿ ಜಾನ್ ಎಂಬ ಸೇವಕನೊಡನೆ, ಭಿಕ್ಷುಕನ ವೇಷದಲ್ಲಿ, ಯಾಳ್ಪಾಣದಲ್ಲಿ ಇಳಿದರು. ಕೊರಳ ಜಪಸರವನ್ನು ಕಂಡು ಯಾರ ಕಣ್ಣರಳುವುದೋ ಅವರೇ ತಮ್ಮವರೆಂದು ಮನೆಮನೆ ತಿರುಗಿ ಗುರುತಿಸಿದರು.

೧೬೯೨ರಲ್ಲಿ ಕಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಅಪವಾದ ಬಂದಿತು. ದೊರೆ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿಟ್ಟನು. ಅಲ್ಲಿಯೂ ಪ್ರಾರ್ಥನೆಯ ಹೊತ್ತು ತಪ್ಪಲಿಲ್ಲ. ಉಳಿದ ಹೊತ್ತಿನಲ್ಲಿ ಸಿಂಹಳ ಭಾಷೆ ಕಲಿತರು. ಅದೇ ದೊರೆ ಮುಂದೆ ಅವರ ರಕ್ಷಕನಾದನು. ೧೬೯೭ರಲ್ಲಿ ನಗರಕ್ಕೆ ಸಿಡುಬು ಬಡಿದು ಬಂಧುಗಳೇ ರೋಗಿಗಳನ್ನು ತೊರೆದಾಗ, ವಾಜರು ಜಾತಿಮತ ನೋಡದೆ ಅವರನ್ನು ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು.

ಅವರು ೧೭೧೧ನೆಯ ಜನವರಿ ೧೬ರಂದು ಕಾಂಡಿಯಲ್ಲಿ ತೀರಿಕೊಂಡರು. ಗೋವೆಯನ್ನೂ ನಮ್ಮ ಕರಾವಳಿಯನ್ನೂ ಮತ್ತೆ ಕಾಣಲಿಲ್ಲ. ೨೦೧೫ನೆಯ ಜನವರಿ ೧೪ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು. ಕಾಂಡಿಯಲ್ಲಿ ಅವರನ್ನು ಮಣ್ಣುಮಾಡಿದ ಸ್ಥಳಕ್ಕೆ ಇಂದು ಗುರುತಿಲ್ಲ.