ಜೈಲುಗಳನ್ನು ಅಳೆದ ಜಾನ್ ಹೋವರ್ಡ್

ಜೈಲು ಅಂದ್ರೆ ಕಳ್ಳರು ಇರೋ ಜಾಗ, ಅದು ಹೇಗಿದ್ದರೆ ನಮಗೇನು ಅಂತ ನಾನೂ ಅಂದುಕೊಂಡಿದ್ದೆ. ಜಾನ್ ಹೋವರ್ಡ್ ಅವರ ಜೀವನ ಓದಿದ ಮೇಲೆ ನನ್ನ ಮನಸ್ಸು ಬದಲಾಯಿತು. ಅದಕ್ಕೇ ಇದನ್ನು ಬರೆದಿದ್ದೇನೆ.

ಹೋವರ್ಡ್ ಅವರು 1726ರಲ್ಲಿ ಇಂಗ್ಲೆಂಡಿನಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದರು. 1756ರಲ್ಲಿ ಅವರು ಪೋರ್ಚುಗಲ್‌ಗೆ ಹೊರಟಿದ್ದ ಹಡಗನ್ನು ಫ್ರೆಂಚರು ಹಿಡಿದರು. ಒಂದೂವರೆ ದಿನಕ್ಕೂ ಹೆಚ್ಚು ಕಾಲ ಒಂದು ಹನಿ ನೀರು ಕೊಡಲಿಲ್ಲ. ಆಮೇಲೆ ಸೆರೆಮನೆಯಲ್ಲಿ ಬರೀ ಹುಲ್ಲಿನ ಮೇಲೆ ಮಲಗಬೇಕಾಯಿತು.

1773ರಲ್ಲಿ ಅವರು ಬೆಡ್‌ಫರ್ಡ್ ಜಿಲ್ಲೆಯ ಶೆರಿಫ್ ಆದರು. ಜಿಲ್ಲೆಯ ಜೈಲು ನೋಡಿಕೊಳ್ಳುವ ಅಧಿಕಾರ ಅವರದಾಯಿತು. ಒಳಗೆ ಹೋಗಿ ನೋಡಿದರೆ ಏನು ಕಂಡಿತು ಗೊತ್ತೇ? ಜೈಲರನಿಗೆ ಸಂಬಳವೇ ಇಲ್ಲ! ಕೈದಿಗಳಿಂದ ವಸೂಲಿ ಮಾಡಿದ ದುಡ್ಡೇ ಅವನ ಸಂಪಾದನೆ. ತಪ್ಪಿಲ್ಲ ಅಂತ ಕೋರ್ಟು ಬಿಟ್ಟರೂ, ಆ ದುಡ್ಡು ಕಟ್ಟಲಾಗದ ಬಡವರನ್ನು ಮತ್ತೆ ಒಳಗೆ ಹಾಕುತ್ತಿದ್ದರು. ಜೈಲರನಿಗೆ ಸಂಬಳ ಕೊಡಿ ಅಂತ ಹೋವರ್ಡ್ ಕೇಳಿದರು. ಬೇರೆ ಜಿಲ್ಲೆಯಲ್ಲಿ ಹಾಗೆ ಕೊಡುವುದಿದ್ದರೆ ತೋರಿಸಿ ಅಂದರು ನ್ಯಾಯಾಧೀಶರು. ಹೋವರ್ಡ್ ಹುಡುಕಿಕೊಂಡು ಹೊರಟೇಬಿಟ್ಟರು.

ಹೋದ ಕಡೆಯೆಲ್ಲ ಅದೇ ಗೋಳು. ಆಗ ಕಿಟಕಿಗೂ ತೆರಿಗೆ ಇತ್ತು. ತೆರಿಗೆ ಉಳಿಸೋಕೆ ಜೈಲರುಗಳು ಕಿಟಕಿ ಮುಚ್ಚಿಸಿಬಿಡುತ್ತಿದ್ದರು. ಗಾಳಿ ಇಲ್ಲ, ಚರಂಡಿ ಇಲ್ಲ. ಜೈಲುಜ್ವರ ಬಂದು ಕೈದಿಗಳು ಸಾಯುತ್ತಿದ್ದರು. ಹೋವರ್ಡ್ ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ ಅಳೆದರು. ಎಷ್ಟು ರೊಟ್ಟಿ, ಎಷ್ಟು ನೀರು, ಎಷ್ಟು ಜನ ಎಂದು ಬರೆದುಕೊಂಡರು. ಅವರ ಬಟ್ಟೆಗೆ ಎಂಥ ವಾಸನೆ ಹತ್ತಿತ್ತೆಂದರೆ, ಮುಚ್ಚಿದ ಗಾಡಿಯಲ್ಲಿ ಕೂರಲಾಗದೆ ಕುದುರೆಯ ಮೇಲೇ ಹೋಗುತ್ತಿದ್ದರು.

1774ರಲ್ಲಿ ಪಾರ್ಲಿಮೆಂಟು ಎರಡು ಕಾನೂನು ಮಾಡಿತು. ನಿರಪರಾಧಿಗಳನ್ನು ದುಡ್ಡು ಕೇಳದೆ ಬಿಡಬೇಕು. ವರ್ಷಕ್ಕೊಮ್ಮೆಯಾದರೂ ಗೋಡೆಗೆ ಸುಣ್ಣ ಬಳಿಯಬೇಕು, ಒಳಗೆ ಗಾಳಿ ಆಡಬೇಕು, ರೋಗಿಗಳಿಗೆ ಬೇರೆ ಕೋಣೆ ಇರಬೇಕು. ಹೋವರ್ಡ್ ಸ್ವಂತ ಖರ್ಚಿನಲ್ಲಿ ಇದನ್ನು ಅಚ್ಚು ಹಾಕಿಸಿ ಜೈಲರುಗಳಿಗೆ ಕಳಿಸಿದರು. 1777ರಲ್ಲಿ ತಾವು ಕಂಡದ್ದನ್ನೆಲ್ಲ ಪುಸ್ತಕ ಮಾಡಿದರು. ಯುರೋಪಿನ ಜೈಲುಗಳನ್ನೂ ಸುತ್ತಿದರು. 1790ರಲ್ಲಿ, ಈಗ ಉಕ್ರೇನಿನಲ್ಲಿರುವ ಖೆರ್ಸನ್ ಊರಿನಲ್ಲಿ, ಜ್ವರದಿಂದಲೇ ತೀರಿಕೊಂಡರು.

1955ರಲ್ಲಿ ವಿಶ್ವಸಂಸ್ಥೆಯ ಸಮ್ಮೇಳನವೊಂದು ಕೈದಿಗಳಿಗಾಗಿ ಕನಿಷ್ಠ ನಿಯಮಗಳನ್ನು ಮಾಡಿತು. ಅವು ವಿಚಾರಣೆಗೆ ಹಿಡಿದಿಟ್ಟವರಿಗೂ ಸೇರುತ್ತವೆ. 2015ರಲ್ಲಿ ಅವನ್ನು ತಿದ್ದಿ, 27 ವರ್ಷ ಜೈಲಿನಲ್ಲಿದ್ದ ಮಂಡೇಲಾ ಅವರ ಹೆಸರಿಟ್ಟರು. ಹಗಲು ಬೆಳಕಿನಲ್ಲಿ ಓದಲು ಸಾಕಾಗುವಷ್ಟು ಕಿಟಕಿ ದೊಡ್ಡದಿರಬೇಕು ಎಂದು ಅದರಲ್ಲಿದೆ.

ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿ. ಆದರೆ ಗಾಳಿ, ನೀರು, ಬೆಳಕು ಯಾರಿಂದಲೂ ಕಿತ್ತುಕೊಳ್ಳಬಾರದು. ಒಳಗಿರುವವರೆಲ್ಲ ತಪ್ಪು ಮಾಡಿದವರೇ ಅಂತ ನಾವು ಹೇಗೆ ಹೇಳೋದು? ನೀವೇ ಯೋಚಿಸಿ.

– 9ನೇ ತರಗತಿ ವಿದ್ಯಾರ್ಥಿ