ತಾಯಂದಿರ ಪ್ರಾಣರಕ್ಷಕ ಸೆಮ್ಮೆಲ್‌ವೈಸ್

ಇಗ್ನಾಟ್ಸ್ ಸೆಮ್ಮೆಲ್‌ವೈಸನು 1818ರಲ್ಲಿ ಹಂಗೆರಿಯ ಬುಡಾ ನಗರದಲ್ಲಿ ಜನಿಸಿದನು. 1846ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ವೈದ್ಯನಾದನು. ಅಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯರ ವಾರ್ಡಿನಲ್ಲಿಯೇ ಹೆಚ್ಚು ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಅಲ್ಲಿಗೆ ಸೇರಿಸಬೇಡಿರೆಂದು ಬಡ ಹೆಂಗಸರು ಅಂಗಲಾಚುತ್ತಿದ್ದರು.

1847ರಲ್ಲಿ ಅವನ ಮಿತ್ರನಾದ ವೈದ್ಯನೊಬ್ಬನು ಶವಪರೀಕ್ಷೆಯಲ್ಲಿ ಚೂರಿ ತಗುಲಿ, ಅದೇ ಬಗೆಯ ಜ್ವರದಿಂದ ಮಡಿದನು. ಶವವನ್ನು ಮುಟ್ಟಿದ ವೈದ್ಯರ ಕೈಗಳೇ ಬಾಣಂತಿಯರಿಗೆ ಮೃತ್ಯುವನ್ನು ತರುತ್ತಿವೆಯೆಂದು ಸೆಮ್ಮೆಲ್‌ವೈಸನಿಗೆ ಆಗ ಹೊಳೆಯಿತು. ತನ್ನ ಕೈಗಳೂ ಅವುಗಳಲ್ಲಿ ಸೇರಿದ್ದುವೆಂಬ ಅರಿವು ಅವನನ್ನು ಬಹುವಾಗಿ ನೋಯಿಸಿತು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ರೋಗಿಯನ್ನು ಮುಟ್ಟಬೇಕೆಂದು ನಿಯಮ ಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ 2ರಷ್ಟಕ್ಕೆ ಇಳಿಯಿತು.

ಆದರೂ ಅನೇಕ ಹಿರಿಯ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. 1865ರಲ್ಲಿ ಅವನು ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ, ಗಾಯ ನಂಜೇರಿ ತೀರಿಕೊಂಡನು. ಅಂದು ತಿರಸ್ಕೃತವಾದ ಆ ನಿಯಮವೇ ಇಂದು ಆಸ್ಪತ್ರೆಗಳ ಮೊದಲ ಪಾಠವಾಗಿದೆ.